ಹೂಗಾರ ಓಣಿಯ ಅಗಲ

ನಡೆಯುವವರಿಲ್ಲದ ಬೀದಿ ನಮ್ಮ ಊರಿನಲ್ಲಿ ಉಳಿಯುವುದಿಲ್ಲ. ಕೆಲವು ದಿನ ಯಾರೂ ಕಾಲಿಡದಿದ್ದರೆ ಅದರ ಎರಡೂ ಬದಿಯ ಮನೆಗಳು ಒಂದಿಷ್ಟು ಹತ್ತಿರ ಸರಿಯುತ್ತವೆ. ಸದ್ದಾಗುವುದಿಲ್ಲ, ಗೋಡೆ ಬಿರಿಯುವುದಿಲ್ಲ, ಮಾಳಿಗೆಯ ಜಂತಿಯಿಂದ ಒಂದು ಹಿಡಿ ಮಣ್ಣೂ ಉದುರುವುದಿಲ್ಲ. ಜನ ಮತ್ತೆ ನಡೆಯತೊಡಗಿದರೆ, ಒಲ್ಲದ ಮನಸ್ಸಿನಿಂದ ಎಂಬಂತೆ, ಬೆರಳಿನಷ್ಟು ಹಿಂದಕ್ಕೆ ಹೋಗುತ್ತವೆ. ನಿವೃತ್ತನಾಗುವವರೆಗೂ ನಾನು ಈ ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿದೆ. ಎಂದೂ ನೋಡದ ಖಂಡಗಳ ನದಿಗಳನ್ನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಎಳೆಯಬಲ್ಲವನಾಗಿದ್ದೆ. ನಮ್ಮ ಊರಿನ ನಕ್ಷೆಯನ್ನು ಮಾತ್ರ ಮಕ್ಕಳಿಂದ ಬರೆಸಲಿಲ್ಲ. ಶಾಯಿ ಒಣಗುವುದರೊಳಗೆ ಅದು ಸುಳ್ಳಾಗಿಬಿಡುತ್ತಿತ್ತು.

ನಾನು ಹುಡುಗನಾಗಿದ್ದಾಗ ಇಲ್ಲಿ ಎತ್ತಿನ ಚಕ್ಕಡಿಗಳೆರಡು ಎದುರುಬದುರಾದರೂ ಅವುಗಳ ನಡುವೆ ಒಬ್ಬ ಮನುಷ್ಯ ಛತ್ರಿ ಬಿಚ್ಚಿಕೊಂಡು ಹೋಗಬಹುದಾಗಿತ್ತು. ಕೆರೆಯವರೆಗೆ ನಡೆದು ಬರುವುದು ಎಲ್ಲರ ಸಂಜೆಯ ಕೆಲಸ. ಜಗಳವಾಡುವವರೂ ನಡೆಯುತ್ತಲೇ ಜಗಳವಾಡುತ್ತಿದ್ದರು; ಕೆರೆ ಮುಟ್ಟುವ ವೇಳೆಗೆ ಅರ್ಧ ಸಿಟ್ಟು ಪಾದಗಳ ಮೂಲಕ ನೆಲಕ್ಕೆ ಇಳಿದುಹೋಗಿರುತ್ತಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ ಕಿಟಕಿಗೆ ಬರತೊಡಗಿದವು. ಮೊದಲು ಹಾಲಿನವನು ಕಿಟಕಿಗೆ ಬಂದ. ಕೆಲವು ವರ್ಷಗಳ ಮೇಲೆ ಕಿಟಕಿಯಿಂದ ಕಿಟಕಿಗೆ ದಾಟಿಕೊಂಡು ಹಾಲು ಬಂತು, ಹಾಲಿನವನು ಬರಲಿಲ್ಲ. ಕಿರಾಣಿ, ಔಷಧಿ, ದರ್ಜಿ ಹೊಲಿದ ಅಂಗಿ, ಮದುವೆಯ ಅಕ್ಷತೆ ಎಲ್ಲವೂ ಕೈಯಿಂದ ಕೈಗೆ ಹಾಯ್ದು ಕುಳಿತವರ ಮಡಿಲಿಗೆ ಬಂದು ಇಳಿಯುತ್ತಿದ್ದವು. ಬೀದಿಗಳು ಮುಚ್ಚಿದಂತೆಲ್ಲ ಎದುರು ಮನೆಯ ಕಿಟಕಿ ನಮ್ಮ ಕಿಟಕಿಗೇ ಬಂದು ಅಂಟಿ, ದಾಟಿಸುವುದು ಇನ್ನಷ್ಟು ಸಲೀಸಾಯಿತು. ಕ್ಷೌರದವನು ತನ್ನ ಕುರ್ಚಿಯಿಂದ ಏಳದೆ, ಕಿಟಕಿಯೊಳಗೆ ತೂರಿದ ನೆರೆಮನೆಯವನ ತಲೆಯನ್ನು ಚಂದವಾಗಿ ಕತ್ತರಿಸುತ್ತಿದ್ದ. ಅದರಾಚೆಯ ಮನೆಯವರೆಲ್ಲ ಗಡ್ಡ ಬೆಳೆಸಿದರು.

ಮನೆಗಳು ಹತ್ತಿರ ಬಂದಂತೆ ನಾವು ಅಗಲವಾದೆವು. ಇದನ್ನು ಯಾರೂ ಕೆಡುಕೆಂದು ಬಗೆಯಲಿಲ್ಲ. ಮೈಕೈ ತುಂಬಿಕೊಂಡಿರುವುದು ಉಂಡು ಸುಖವಾಗಿರುವುದರ ಗುರುತಲ್ಲವೇ. ಬಡಿಗರು ಕುರ್ಚಿಯ ತೋಳುಗಳನ್ನು ದೂರ ದೂರ ಇಟ್ಟು ಜೋಡಿಸತೊಡಗಿದರು. ಹೆಂಗಸರು ಬೆರಳಿಗೆ ಎಣ್ಣೆ ಹಚ್ಚಿ ಉಂಗುರಗಳನ್ನು ಕಳಚಿ ಮಕ್ಕಳ ಕೊರಳಿಗೆ ದಾರದಲ್ಲಿ ಕಟ್ಟಿದರು. ಆ ಮಕ್ಕಳಾದರೂ ಓಡುವ ಆಟಗಳನ್ನು ಮರೆತು ಕೂರುವ ಆಟಗಳನ್ನು ಕಲಿತಿದ್ದರು. ಶಾಲೆಯ ನನ್ನ ಕೊನೆಯ ವರ್ಷದಲ್ಲಿ, ಗುಂಡಗಿನ ಕೆನ್ನೆಯ ಒಬ್ಬ ಹುಡುಗಿ ಎದ್ದುನಿಂತು, ನಿಂತದ್ದಕ್ಕೇ ಏದುಸಿರು ಬಿಡುತ್ತ, "ಮೈಲು ಅಂದ್ರ ಎಷ್ಟು ಕಿಡಕಿರಿ ಸರ?" ಎಂದು ಕೇಳಿದಳು.

ಮೊಳಕಾಲು ನೋವೆಂದು, ರಾತ್ರಿ ಉಸಿರು ಕಟ್ಟುತ್ತದೆಂದು, ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಹೇಳಿಕಳಿಸಿದರೆ ಡಾಕ್ಟರು ಎಲ್ಲದಕ್ಕೂ ಒಂದೇ ಮಾತನ್ನು ದಾಟಿಸುತ್ತಿದ್ದರು: ನಡೆಯಬೇಕು. ಎಲ್ಲಿ ನಡೆಯಬೇಕೆಂದು ಒಮ್ಮೆ ನಾನು ಕೇಳಿಕಳಿಸಿದೆ. "ಅದನ್ನ ನನಗ ಕೇಳಬ್ಯಾಡ ಅಂತ ಮಾಸ್ತರಗ ಹೇಳ್ರಿ. ನನ್ನ ಮೈ ಈ ಖೋಲಿ ಬಾಗಲದಾಗ ಹಿಡೀಲಾರದ ಎರಡು ದೀಪಾವಳಿ ಆತು" ಎಂಬ ಉತ್ತರ ಬಂತು.

ಹೀಗೆ ದಾಟಿಸುವ ಊರಿಗೆ ತನ್ನದೇ ಆದ ಮರ್ಯಾದೆಗಳು ಹುಟ್ಟಿಕೊಂಡಿದ್ದವು. ಯಾರದೇ ಪಾತ್ರೆ ತಮ್ಮ ಮನೆಯನ್ನು ಹಾಯ್ದು ಹೋಗುವಾಗ ಅದಕ್ಕೆ ತಮ್ಮದೊಂದು ಚಮಚ ಸೇರಿಸದೆ ಕಳಿಸಬಾರದು. ಹುಗ್ಗಿಯಾಗಿದ್ದರೆ ತುಪ್ಪ, ಹೋಳಿಗೆಯಾಗಿದ್ದರೆ ಮೇಲೊಂದು ಹೋಳಿಗೆ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಆಗಬೇಕು. ಆದ್ದರಿಂದ ಅಂಗೈ ಅಗಲದ ಬಟ್ಟಲಲ್ಲಿ ಹೊರಟದ್ದು ದೊಡ್ಡ ಪಾತೇಲಿಯಾಗಿ ಬಂದು ತಲುಪುತ್ತಿತ್ತು. ಬರಿ ಪಾತ್ರೆ ಕಿಟಕಿ ದಾಟುವುದು ಒಂದೇ ಸಂದರ್ಭದಲ್ಲಿ: ಮನೆಯಲ್ಲಿ ಸಾವಾದಾಗ. ಆಗ ಯಾರೂ ಏನೂ ಕೇಳುವುದಿಲ್ಲ. ಪಾತ್ರೆಯ ತಳದಲ್ಲಿ ಕೊರೆಸಿದ ಹೆಸರನ್ನು ನೋಡುತ್ತಾರೆ, ಸತ್ತವರ ಹತ್ತಿರದ ನಂಟರ ಮನೆಯ ದಿಕ್ಕಿಗೆ ದಾಟಿಸುತ್ತಾರೆ, ಮುಸ್ಸಂಜೆ ದೀಪ ಹಚ್ಚುವವರೆಗೆ ಕಿಟಕಿಯ ಕದ ಮುಚ್ಚಿಕೊಳ್ಳುತ್ತಾರೆ. ಬರಿ ಪಾತ್ರೆಯನ್ನು ಕೈಯಲ್ಲಿ ಇಟ್ಟುಕೊಂಡು ಒಂದು ಕ್ಷಣವೂ ತಡೆಯಬಾರದು.

ನನ್ನ ಹೆಂಡತಿ ನೀಲಾಂಬಿಕೆ ತನ್ನ ಅಕ್ಕನ ಮನೆಗೆ ಹೋದದ್ದು ಹೂಗಾರ ಓಣಿಯ ಮೂಲಕ. ನಮ್ಮ ಬಾಗಿಲಿನ ಮುಂದೆ ಆರಂಭವಾಗುವ ಆ ಓಣಿಯ ಆಚೆಯ ತುದಿಯಲ್ಲಿ ಗೌರಕ್ಕನ ಮನೆ. ಗೌರಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ನಮಗೂ ಮಕ್ಕಳಿಲ್ಲ. "ಹದಿನೈದು ದಿನದಾಗ ಎದ್ದು ಕುಂದರ್ತಾಳ, ಬಂದಬಿಡ್ತೀನಿ" ಎಂದು ನೀಲಾ ಹೊರಟಳು. ಅಂದು ಆ ಓಣಿಯಲ್ಲಿ ನಾವಿಬ್ಬರೂ ಸರಿಸಮವಾಗಿ, ನಡುವೆ ಅವಳ ಬಟ್ಟೆಯ ಗಂಟನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ನಡೆದಿದ್ದೆವು. ಗೌರಕ್ಕ ಎದ್ದು ಕೂರಲಿಲ್ಲ. ನಾನು ಬರುತ್ತೇನೆ ಎಂದು ನೀಲಾ ಹೇಳಿಕಳಿಸುವಳು. ನಿನಗೇಕೆ ತ್ರಾಸು, ನಾನೇ ಬರುತ್ತೇನೆ ಎಂದು ನಾನು ಹೇಳಿಕಳಿಸುವೆ. ಇಬ್ಬರೂ ಬಹಳ ಮರ್ಯಾದೆಯಿಂದ ಒಬ್ಬರನ್ನೊಬ್ಬರು ಕಾದೆವು. ಹೂಗಾರ ಓಣಿಯ ಉಳಿದ ಜನರಿಗೂ ಹೊರಗೆ ಬೀಳುವ ಕೆಲಸವಿರಲಿಲ್ಲ. ಎರಡು ಮೂರು ಮಳೆಗಾಲ ಕಳೆದು ನಾನು ಬಾಗಿಲು ತೆರೆದು ನೋಡಿದಾಗ ಓಣಿ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟೇ ಇತ್ತು. ಆ ಒಬ್ಬ ಮನುಷ್ಯ ನನ್ನಂಥವನಲ್ಲ.

ಮಾತನ್ನೂ ದಾಟಿಸಬಹುದಾಗಿತ್ತು. ಆದರೆ ಅಷ್ಟೊಂದು ಜನರ ಬಾಯಿಂದ ಹಾಯಬೇಕಾದ ಮಾತು ಎಂಥದಿರಬಹುದು? ಬೆಳಗಿನ ಜಾವ ಎಚ್ಚರವಾದಾಗ ಹಾಸಿಗೆಯ ಆ ಬದಿಗೆ ಕೈ ಚಾಚಿ, ಅಲ್ಲಿನ ತಂಪಿಗೆ ಬೆಚ್ಚಿ ಕೈಯನ್ನು ಹಿಂದೆಗೆದುಕೊಳ್ಳುತ್ತೇನೆ ಎಂಬುದನ್ನು ನೆರೆಮನೆಯ ಮೆಹಬೂಬಿಯ ಬಾಯಲ್ಲಿ ಹೇಗೆ ಇಡಲಿ? ಅವಳು ಅದನ್ನು ಆಚೆಯ ಮನೆಯ ದನದ ವ್ಯಾಪಾರಿಗೆ ಹೇಗೆ ಒಪ್ಪಿಸಿಯಾಳು? ಹಾಗಾಗಿ ನಾನು "ಊಟ ಆತೇನು?" ಎಂದು ಕೇಳಿಕಳಿಸುತ್ತಿದ್ದೆ. "ಆತು, ನಿಮ್ಮದು?" ಎಂದು ಬರುತ್ತಿತ್ತು. ಹೇಳಲಾಗದ್ದನ್ನೆಲ್ಲ ಅವಳು ಶೇಂಗಾ ಹೋಳಿಗೆಯಲ್ಲಿ, ಮಾದಲಿಯಲ್ಲಿ, ತುಪ್ಪದಲ್ಲಿ ಕರಿದ ಕಡಬಿನಲ್ಲಿ ತುಂಬಿ ಕಳಿಸುತ್ತಿದ್ದಳು. ನಾನೂ ಹರಕುಮುರುಕಾಗಿ ಒಲೆ ಹಚ್ಚುವುದನ್ನು ಕಲಿತು ರವೆ ಉಂಡೆ ಕಟ್ಟಿ ನಮ್ಮ ಹಿತ್ತಾಳೆಯ ಬೋಗುಣಿಯಲ್ಲಿ ಇಟ್ಟು ಕಳಿಸುತ್ತಿದ್ದೆ. ದಾರಿಯ ಕಿಟಕಿಗಳೆಲ್ಲ ಅದಕ್ಕೆ ತಮ್ಮ ತಮ್ಮ ಚಮಚ ಬೆರೆಸುತ್ತಿದ್ದವು. ಬಂದದ್ದನ್ನು ಉಳಿಸುವುದು ಹೇಗೆ? ಅದರಲ್ಲಿ ಎಲ್ಲೋ ಅವಳ ಕೈಯದೂ ಇತ್ತಲ್ಲ. ಅದು ಯಾವ ತುತ್ತಿನಲ್ಲಿದೆಯೋ ತಿಳಿಯದೆ ನಾನು ಪಾತೇಲಿಯ ತಳ ಕಾಣುವವರೆಗೆ ಉಣ್ಣುತ್ತಿದ್ದೆ. ಆಚೆಯ ತುದಿಯಲ್ಲಿ ಅವಳೂ ಹಾಗೆಯೇ ಉಣ್ಣುತ್ತಿದ್ದಳೆಂದು ಕಾಣುತ್ತದೆ.

ಮುಂದಿನ ಯುಗಾದಿ ಕಳೆದ ಮೇಲೆ ಮೆಹಬೂಬಿ ಕಿಟಕಿಯಲ್ಲಿ ಕೈಚಾಚಿ, ಅರಿಸಿನ ಹಚ್ಚಿದ ಅಕ್ಕಿಯನ್ನು ನನ್ನ ಅಂಗೈಗೆ ಸುರಿದಳು. "ಮಾಸ್ತರ, ಬರೋ ಹುಣ್ಣಿಮಿಗೆ ಗ್ವಾಡಿ ಕೂಡಿಕಿ. ಕೊಟ್ರಬಸಪ್ಪಾರ ಮನಿದೂ ವಾಮನರಾಯರ ಮನಿದೂ. ಎಲ್ಲಾರಿಗೂ ಸಜ್ಜಕದ ಹೋಳಿಗಿ ಬರತೈತಂತ."

ಓಣಿಯೊಂದರ ಎರಡು ಗೋಡೆಗಳು ಕೂಡುವ ದಿನವನ್ನು ನಮ್ಮ ಊರಿನವರು ಹಬ್ಬದಂತೆ ಆಚರಿಸುತ್ತಾರೆ. ಎದುರು ಮನೆ ಒಳಮನೆಯಾಗುವ ದಿನ ಅದು. ಗೋಡೆಗೆ ಕುಂಕುಮ ಹಚ್ಚಿ, ನಡುವೆ ಒಂದು ಬಾಗಿಲು ಒಡೆದು, ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಕೊಟ್ರಬಸಪ್ಪ, ವಾಮನರಾಯರ ಮನೆಗಳು ಹೂಗಾರ ಓಣಿಯ ನಟ್ಟನಡುವೆ ಎದುರುಬದುರಾಗಿದ್ದವು. ಒಬ್ಬರಿಗೊಬ್ಬರು ಅಷ್ಟು ಬೇಕಾದವರು. ಎಷ್ಟೋ ವರ್ಷಗಳಿಂದ ಕಿಟಕಿಯಿಂದ ಕಿಟಕಿಗೆ ಅಡ್ಡಲಾಗಿ ಹಲಗೆಯೊಂದನ್ನು ಹಾಸಿ, ಅದರ ಮೇಲೆ ಪಗಡೆ ಆಡುತ್ತ ಬಂದವರು. ಹಲಗೆ ಪ್ರತಿ ಹಬ್ಬಕ್ಕೂ ಗಿಡ್ಡದಾಗುತ್ತಿದ್ದುದನ್ನು ಕಂಡು ಹಿಗ್ಗುತ್ತಿದ್ದವರು. ಅವರ ಸಂತೋಷವನ್ನು ನಾನು ಅರಿಯದವನಲ್ಲ. ಆದರೆ ನನಗೂ ನೀಲಾಗೂ ನಡುವೆ ಉಳಿದಿದ್ದ ದಾರಿ ಅದೊಂದೇ. ಅಂಗೈಯ ಅಕ್ಕಿಯನ್ನು ತಲೆಯ ಮೇಲೆ ಹಾಕಿಕೊಳ್ಳುವುದೋ ಬಿಡುವುದೋ ತಿಳಿಯದೆ ಬಹಳ ಹೊತ್ತು ಕುಳಿತೆ.

ಮರುದಿನ ಬೆಳಿಗ್ಗೆ ನಾನು ಓಣಿಗೆ ಇಳಿದೆ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ನನ್ನ ಎರಡೂ ಪಕ್ಕೆಗಳನ್ನು ಹಿಡಿದು ನೋಡಿ ಬಿಟ್ಟಿತು. ಐದಾರು ಮನೆಯಷ್ಟು ದೂರ ಅಡ್ಡ ಅಡ್ಡವಾಗಿ ಹೋಗಿ, ಎದೆ ಹೊಡೆದುಕೊಳ್ಳತೊಡಗಿದ ಮೇಲೆ ಹಾಗೆಯೇ ಹಿಂದೆ ಬಂದೆ. ಕಾಲುಗಳು ತಮ್ಮ ಕೆಲಸವನ್ನು ಮರೆತಿರಲಿಲ್ಲ, ನನ್ನನ್ನು ಮರೆತಿದ್ದವು. ಯಾರನ್ನೋ ಹೊತ್ತಂತೆ ಹೊತ್ತವು. ಮರುದಿನ ಇನ್ನಷ್ಟು ದೂರ. ಮೂರನೆಯ ದಿನ ಗೋಡೆಗಳು ಬೆರಳಿನಷ್ಟು ಹಿಂದೆ ಸರಿದಿದ್ದವು. ಬಿಸಿಲು ಒಂದು ಗೆರೆಯಾಗಿ ನೆಲಕ್ಕೆ ಇಳಿದಿತ್ತು. ಅದರ ಮೇಲೆ ಹೆಜ್ಜೆ ಇಡುವಾಗ, ಮರೆತ ಸಾಲೊಂದು ತುದಿನಾಲಗೆಗೆ ಬಂದು ನಿಂತಾಗ ಆಗುವ ಕಳವಳವಾಯಿತು ನನಗೆ. ಉಣ್ಣುವುದನ್ನೂ ಕಡಿಮೆ ಮಾಡಿದೆ. ದಾಟಿ ಬಂದ ಹೋಳಿಗೆಗಳನ್ನು ಮುಟ್ಟದೆ ಮುಚ್ಚಿಡುವುದು ನಡೆಯುವುದಕ್ಕಿಂತ ಕಷ್ಟವಾಗಿತ್ತು. ನೀಲಾಗೆ ಎದುರಾಡಿದಂತೆ ಅನಿಸುತ್ತಿತ್ತು.

ಓಣಿಯ ನಡುವಿಗೆ ತಲುಪಿದ ದಿನ ಪಗಡೆಯ ಹಲಗೆ ಎದೆಗೆ ಅಡ್ಡವಾಯಿತು. ಎರಡೂ ಕಿಟಕಿಗಳಲ್ಲಿ ಎರಡು ದುಂಡು ಮುಖಗಳು.

"ಬಗ್ಗಿ ಹೋಗ್ರಿ ಮಾಸ್ತರ" ಎಂದ ಕೊಟ್ರಬಸಪ್ಪ, ಕವಡೆ ಅಲುಗಾಡಿಸುತ್ತ.

"ಬಗ್ಗಿದ್ರ ಏಳಾಕ ಆಗೂದಿಲ್ಲೋ ಕೊಟ್ರಬಸಪ್ಪ. ಹಲಿಗಿ ಒಂದೀಟು ಎತ್ತಪಾ."

"ಎತ್ತಿದರ ಆಟ ಕೆಡತದ. ನನ್ನ ಕಾಯಿ ಹಣ್ಣಾಗಲಿಕ್ಕೆ ಒಂದ ಮನಿ ಅದ" ಎಂದರು ವಾಮನರಾಯರು. "ಅದಲ್ರೀ ಮಾಸ್ತರ, ಹುಣ್ಣಿಮಿ ಹತ್ರ ಬಂತು. ನೀವು ಹಿಂಗ ದಿನಾ ಅಡ್ಡಾಡಿದ್ರ ಗೋಡಿ ಕೂಡೂದು ಹ್ಯಾಂಗ? ಮೊನ್ನೆ ನೂಲು ಹಿಡದು ಅಳದ್ವಿ. ಕೂಡೂದು ಬಿಟ್ಟು ದೂರ ಹೊಂಟಾವ."

"ಸಜ್ಜಕ ಹುರದ ಇಟ್ಟೈತಿ" ಎಂದ ಕೊಟ್ರಬಸಪ್ಪ, ಮುಖ ಸಣ್ಣದು ಮಾಡಿ. "ಹುಳಾ ಬಿದ್ರ ನಿಮ್ಮ ಹೆಸರ ಹೇಳಾಂವ ನಾನು."

"ನೀಲಾನ ನೋಡಬೇಕಾಗೇತಿ."

ಕೊಟ್ರಬಸಪ್ಪ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು ಹಲಗೆಯನ್ನು ಒಳಕ್ಕೆ ಎಳೆದುಕೊಂಡ. "ಈ ವಯಸ್ಸಿನ್ಯಾಗ" ಎಂದು ಒಳಗಿನವರಿಗೆ ಕೇಳುವಂತೆ ಗೊಣಗಿದ. "ನನ್ನ ಹೇಣ್ತಿ ಬಾಜೂ ಖೋಲ್ಯಾಗ ಕುಂತಾಳ. ನಾ ಆಕೀನ ನೋಡಿ ಎರಡು ದಿನ ಆತು." ಒಳಗಿನಿಂದ ಹೆಂಗಸಿನ ದನಿಯೊಂದು, "ನೋಡಿ ಏನ್ ಮಾಡಾವ್ರದೀರಿ?" ಎಂದಿತು. ಆದರೆ ಹಲಗೆಯಿಂದ ನಾಲ್ಕು ಹೆಜ್ಜೆ ಮುಂದೆ ಓಣಿ ನನ್ನನ್ನು ಒಳಗೆ ಬಿಡಲಿಲ್ಲ. ಆ ಕಡೆ ಯಾರೂ ನಡೆದಿರಲಿಲ್ಲ.

ಹಿಂದಿರುಗಿ ಬಂದು ಯೋಚಿಸಿದೆ. ನೀಲಾ ಕೂಡ ಅತ್ತಕಡೆಯಿಂದ ನಡೆಯತೊಡಗಿದರೆ ಹುಣ್ಣಿಮೆಯೊಳಗೆ ಓಣಿ ತೆರೆದೀತು. ಅದಕ್ಕೆ ಮೊದಲು ಅವಳು ನನ್ನ ಬೋಗುಣಿಗಳಿಂದ ಪಾರಾಗಬೇಕು. ಇನ್ನು ಕಳಿಸುವುದೇ ಇಲ್ಲವೆಂದರೆ ಸಿಟ್ಟಾಗಿದ್ದೇನೆಂದು ತಿಳಿದಾಳು. ಆದ್ದರಿಂದ ಲೋಕದಲ್ಲಿ ಅತಿ ಹಗುರವಾದ ತಿಂಡಿಯೊಂದನ್ನು ಕಳಿಸುವುದೆಂದು ನಿಶ್ಚಯಿಸಿದೆ. ಒಂದು ಹಿಡಿ ಚುರುಮುರಿ. ಎಣ್ಣೆಯಿಲ್ಲ, ಉಪ್ಪಿಲ್ಲ, ಬರಿಯ ಚುರುಮುರಿ. ಅವಳಿಗೆ ಅರ್ಥವಾಗುತ್ತದೆ, ಮದುವೆಯಾದ ಹೊಸತರಲ್ಲಿ ಕೆರೆಯ ದಾರಿಯಲ್ಲಿ ನಡೆಯುತ್ತ ನಾವು ತಿನ್ನುತ್ತಿದ್ದದ್ದು ಅದನ್ನೇ, ಎಂದುಕೊಂಡೆ. ಬೆಳಿಗ್ಗೆ ಅದನ್ನು ಹಿತ್ತಾಳೆಯ ಬೋಗುಣಿಯಲ್ಲಿ ಹಾಕಿ ಮೆಹಬೂಬಿಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಸದ್ದು ಕೇಳುತ್ತಿತ್ತು. ಬಿಡುವಾದಾಗ ತೆಗೆದುಕೊಳ್ಳುತ್ತಾಳೆಂದು ಬಿಟ್ಟು, ನಾನು ಓಣಿಗೆ ಇಳಿದೆ. ನನ್ನ ಬಾಗಿಲು ತೆರೆದೇ ಇತ್ತು. ಈಚೆಗೆ ಓಣಿ ಅಗಲವಾದದ್ದರಿಂದ ಅಲ್ಲಿ ಗಾಳಿ ಬೀಸತೊಡಗಿತ್ತು ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಚುರುಮುರಿಯೊಂದಿಗೆ ಗಾಳಿ ಏನು ಮಾಡುತ್ತದೆ ಎಂಬುದನ್ನು, ಗಾಳಿಯಿಲ್ಲದೆ ಬದುಕಿದ ಊರಿನವನಾದ ನಾನು ಮರೆತೇಬಿಟ್ಟಿದ್ದೆ.

ಪಗಡೆಯವರು ಈ ಸಲ ಕೇಳುವ ಮೊದಲೇ, ನನ್ನನ್ನು ಕಂಡೊಡನೆ ಹಲಗೆ ಎಳೆದುಕೊಂಡರು. ನಾನು ಹಿಂದಿನ ದಿನ ನಿಂತಲ್ಲಿಗೆ ಹೋಗಿ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಕ್ಕೆ ಎಳೆದು ಗೋಡೆಗಳ ನಡುವೆ ಭುಜ ತೂರಿಸುತ್ತಿದ್ದಾಗ ಹಿಂದೆ ಕೊಟ್ರಬಸಪ್ಪನ ಸೊಸೆಯ ದನಿ ಕೇಳಿತು.

"ಮಾವ, ಬರಿ ಬೋಗುಣಿ ಬಂದಿತ್ರಿ."

ಕವಡೆಯ ಸದ್ದು ನಿಂತಿತು. ನಾನೂ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ತಲೆ ತಗ್ಗಿಸಿದೆ. ಯಾರೋ ಪಾಪ, ಎಂದುಕೊಂಡೆ.

"ಯಾರದವ್ವಾ?" ಎಂದ ಕೊಟ್ರಬಸಪ್ಪ ಮೆಲ್ಲಗೆ.

"ತಳದಾಗ ಮಾಸ್ತರ ಹೆಸರೈತ್ರಿ."

"ಅಯ್ಯ ಶಿವನ! ಮಾಸ್ತರ ಹೋದ್ರಾ? ಈಗರ ಇಲ್ಲೇ" ಎಂದವನು ತಲೆಯ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನತ್ತ ನೋಡಿದ. ವಾಮನರಾಯರೂ ನೋಡಿದರು. ನಾನೂ ಅವರನ್ನು ನೋಡಿದೆ.

"ಮಾಸ್ತರ, ನೀವು ಇದ್ದೀರೋ ಇಲ್ಲೋ?" ಎಂದರು ವಾಮನರಾಯರು.

"ಬೋಗುಣಿ ಎಲ್ಲೈತಿ?" ಎಂದು ಕೂಗಿದೆ. "ತಡೀರಿ ಅದನ್ನ! ಚುರುಮುರಿ ಹಾಕಿದ್ದೆ ಅದರಾಗ. ತಡೀರಿ!"

"ದಾಟಿಸಿಬಿಟ್ಟೆನ್ರಿ" ಎಂದಳು ಸೊಸೆ, ಅಳುವ ದನಿಯಲ್ಲಿ. "ಇಟಗೋಬಾರದಲ್ರಿ ಅದನ್ನ."

ವಾಮನರಾಯರು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಮುಂದಿನ ಮನೆಯನ್ನು ಹೆಸರು ಹಿಡಿದು ಕೂಗಿದರು. ಮುಂದಿನ ಮನೆಯ ಕದ ಮುಚ್ಚಿಕೊಂಡಿತ್ತು. ಅದರ ಮುಂದಿನದೂ ನಮ್ಮ ಕಣ್ಣೆದುರೇ ಮುಚ್ಚಿತು. ಓಣಿಯ ಉದ್ದಕ್ಕೂ ಒಂದಾದ ಮೇಲೊಂದು ಕದಗಳು ಮುಚ್ಚುತ್ತ ಹೋದ ಸದ್ದು, ನನ್ನ ಸಾವು ನನಗಿಂತ ಮುಂದೆ ನಡೆದು ಹೋಗುತ್ತಿದ್ದ ಸದ್ದು. ಯಾರೂ ಏನನ್ನೂ ಬೆರೆಸದೆ ನನ್ನ ಪಾತ್ರೆಯೊಂದು ನೀಲಾಳತ್ತ ಹೋಗುತ್ತಿದ್ದುದು ಅದೇ ಮೊದಲು.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿಯುವುದು ಕಣ್ಣಿಗೆ ಕಟ್ಟಿತು. ತಳ ತಿರುಗಿಸಿ ನೋಡುವುದು. ಅವಳ ಎದೆಯೂ ಗಟ್ಟಿಯಿರಲಿಲ್ಲವೆಂದು ಮಾತು ದಾಟಿ ಬಂದಿತ್ತು. ಎದ್ದು ಕೂತರೆ ಏದುಸಿರು ಎಂದು. ನಾನು ಬದುಕಿದ್ದೇನೆ ಎಂಬ ಸುದ್ದಿ ದೀಪ ಹಚ್ಚುವ ಹೊತ್ತಿನವರೆಗೆ ಅವಳನ್ನು ತಲುಪುವಂತಿರಲಿಲ್ಲ. ಅಷ್ಟು ಹೊತ್ತು ಅವಳು ಹೇಗೆ ತಡೆದಾಳು?

ನಾನು ನುಗ್ಗಿದೆ. ಅಂಗಿಯ ಗುಂಡಿಗಳು ಗೋಡೆಗೆ ತಿಕ್ಕಿ ಹರಿದು ಬಿದ್ದವು. ಹಿಂದಿನಿಂದ ವಾಮನರಾಯರು, "ಉಸಿರು ಬಿಡ್ರಿ ಮಾಸ್ತರ, ಪೂರಾ ಬಿಡ್ರಿ, ಹಾಂ, ಈಗ ಎಡಗಾಲು" ಎಂದು ಹೇಳುತ್ತಿದ್ದರು. ಕೊಟ್ರಬಸಪ್ಪ ತನ್ನ ಕಿಟಕಿಯಿಂದ ಪಗಡೆಯ ಹಲಗೆಯನ್ನು ಉದ್ದಕ್ಕೆ ಚಾಚಿ ನನ್ನ ಬೆನ್ನಿಗೆ ಕೊಟ್ಟು ತಳ್ಳಿದ. ಗೋಡೆಗಳು ಕೂಡಲೆಂದು ದಿನ ಎಣಿಸುತ್ತಿದ್ದ ಮನುಷ್ಯ, "ಸರಿಯಲೇ, ಸರಿ!" ಎಂದು ತನ್ನದೇ ಮನೆಯ ಗೋಡೆಗೆ ಬೈಯುತ್ತಿದ್ದುದು ನನಗೆ ಕೇಳಿಸಿತು. ಎಷ್ಟೋ ಹೊತ್ತಿಗೆ ನಾನು ಅವರ ಹಲಗೆಗೂ ದನಿಗೂ ನಿಲುಕದಷ್ಟು ಮುಂದೆ ಬಂದಿದ್ದೆ. ಅಲ್ಲಿ ಗೋಡೆಗಳು ನನ್ನ ಹೊಟ್ಟೆ, ಬೆನ್ನುಗಳನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದವು. ಇನ್ನು ಒಂದು ಹೆಜ್ಜೆಯೂ ಆಗದು. ಮೇಲೆ ಆಕಾಶ ಒಂದು ದಾರದಷ್ಟಿತ್ತು.

ಆಗ ಓಣಿಯ ಆಚೆಯ ತಿರುವಿನಿಂದ ಸೀರೆ ಗೋಡೆಗೆ ಉಜ್ಜುವ ಸದ್ದು ಬಂತು. ನಿಂತು ನಿಂತು ಬರುತ್ತಿದ್ದ, ಕೊಳಲಿನಂತೆ ಸೀಟಿಯಾಡುವ ಉಸಿರು. ನೀಲಾ ಅಡ್ಡಡ್ಡವಾಗಿ ಬರುತ್ತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಮೊಳಕೈ ತರಚಿ ರಕ್ತ ಕಾಣುತ್ತಿತ್ತು. ಮುಖ ನಾನು ಬಲ್ಲ ಮುಖಕ್ಕಿಂತ ಬಹಳ ದೊಡ್ಡದಾಗಿತ್ತು. ಆದರೆ ನನ್ನ ನೀಲಾಳ ಮುಖ ಅದರ ನಡುವೆ, ಹಾಸಿಗೆಯ ನಡುವೆ ಮಲಗಿದ ಮಗುವಿನ ಹಾಗೆ ಹಾಗೆಯೇ ಇತ್ತು. ಎದೆಗೆ ಒತ್ತಿಕೊಂಡ ಕೈಯಲ್ಲಿ ಬರಿ ಬೋಗುಣಿ.

ಅವಳು ತಲೆಯೆತ್ತಿ ನನ್ನನ್ನು ಕಂಡಳು. ಕಿರುಚಲಿಲ್ಲ. ಉಳಿದ ದೂರವನ್ನು ತೂರಿಕೊಂಡು ಬಂದು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತು, ಅದೇ ಬೋಗುಣಿಯಿಂದ ನನ್ನ ಭುಜಕ್ಕೆ ಹೊಡೆದಳು.

"ನಾಚಿಗಿ ಬರಂಗಿಲ್ಲೇನ್ರಿ ನಿಮಗ? ಬರಿ ಪಾತ್ರಿ ಕಳಸತಾರೇನ್ರಿ ಯಾರರ?"

"ಬರಿದಲ್ಲ ನೀಲಾ. ಚುರುಮುರಿ ಇತ್ತು."

"ಎಲ್ಲೈತಿ ಚುರುಮುರಿ?"

"ಗಾಳಿಗೆ ಹಾರಿರಬೇಕು."

"ಗಾಳಿ" ಎಂದಳು ಅವಳು, ಆ ಶಬ್ದವನ್ನು ಮೊದಲ ಸಲ ಕೇಳಿದವಳ ಹಾಗೆ. ನಗುವುದೋ ಅಳುವುದೋ ಎಂದು ಒಂದು ಕ್ಷಣ ಅನುಮಾನಿಸಿ, ಎರಡನ್ನೂ ಮಾಡಿದಳು.

ಎರಡೂ ಬದಿಯ ಕಿಟಕಿಗಳು ಮುಚ್ಚಿದ್ದವು. ನಮ್ಮ ನಡುವೆ ಒಂದು ಬಾಯೂ ಒಂದು ಕಿವಿಯೂ ಇರಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಮಾತುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಕ್ಕೀತು? ಬೆಳಗಿನ ಜಾವದ ಹಾಸಿಗೆಯ ತಂಪಿನ ಬಗ್ಗೆ ಹೇಳಬೇಕೆಂದು ಬಾಯಿ ತೆರೆದೆ. "ಊಟ ಆತೇನು?" ಎಂದು ಕೇಳಿದೆ.

"ಆತು" ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಿಮ್ಮದು?"

ಅವಳ ಬೆರಳುಗಳನ್ನು ಹಿಡಿದುಕೊಂಡೆ. ಊದಿಕೊಂಡ ಬೆರಳುಗಳು, ಉಂಗುರ ಇದ್ದ ಜಾಗದಲ್ಲಿ ಬಿಳಿಯ ಗೆರೆಯೊಂದಿತ್ತು. ಹೀಗೆ ಎಷ್ಟು ಹೊತ್ತು ನಿಂತಿದ್ದೆವೋ. ನಿಂತದ್ದಕ್ಕೆ ಇಬ್ಬರ ಕಾಲುಗಳೂ ನಡುಗತೊಡಗಿದವು.

"ನಡಿ, ಮನಿಗೆ ಹೋಗೂಣು" ಎಂದೆ.

"ಅಕ್ಕ ಒಬ್ಬಾಕಿನ ಅದಾಳ್ರಿ. ಮಗ್ಗಲ ಹೊಳ್ಳಾಕೂ ಯಾರರ ಕೈ ಹಚ್ಚಬೇಕು. ಕಿಡಕಿಯಿಂದ ಕೈ ಚಾಚಿ ನೀರ ಕೊಟ್ಟಾರು, ಮಗ್ಗಲ ಹೊಳ್ಳಸತಾರೇನು? ಸುದ್ದಿ ಬಂದಕೂಡ್ಲೆ ಹಂಗ ಬಿಟ್ಟು ಓಡಿ ಬಂದೀನಿ."

"ಓಡಿ ಬಂದ್ಯಾ?"

"ಓಡಿದಂಗನ ಅನಿಸ್ತು ನನಗ."

"ಹಂಗಾದ್ರ ನಾನ ಬರ್ತೀನಿ ಅಲ್ಲಿಗೆ."

ಅವಳು ನನ್ನ ಎರಡೂ ಕೈ ಹಿಡಿದು ಎಳೆದಳು. ನಾನು ಉಸಿರನ್ನೆಲ್ಲ ಹೊರಗೆ ಬಿಟ್ಟು, ಕಣ್ಣಿಗೆ ಕತ್ತಲೆ ಬರುವವರೆಗೆ ತೂರಿಕೊಂಡೆ. ಗೋಡೆ ಒಪ್ಪಲಿಲ್ಲ. ಅವಳು ಬಂದ ದಾರಿ ಅವಳಷ್ಟೇ ಅಗಲವಿತ್ತು. ಮತ್ತೊಮ್ಮೆ ಎಳೆದಳು, ಮತ್ತೊಮ್ಮೆ, ಆಮೇಲೆ ನನ್ನ ಎದೆಯ ಮೇಲೆ ಅಂಗೈಯಿಟ್ಟು ಅಲ್ಲಿನ ಹೊಡೆತವನ್ನು ಕೇಳಿ, "ಸಾಕ್ರಿ. ಇನ್ನೊಮ್ಮೆ ಎಳದ್ರ ಖರೇನ ಬರಿ ಪಾತ್ರಿ ಆಗಿಬಿಟ್ಟೀರಿ" ಎಂದಳು. ದೂರದಲ್ಲಿ, ಅವಳು ಬಂದ ಕಡೆಯಿಂದ, ಕ್ಷೀಣವಾಗಿ ಯಾರೋ ಕರೆದಂತಾಯಿತು. ಗೌರಕ್ಕನಿರಬೇಕು. ನೀಲಾಳ ಕೈ ಸಡಿಲವಾಯಿತು.

ಮರಳಿ ಹೊರಡಬೇಕೆಂದಾಗಲೇ ನಮಗೆ ತಿಳಿದದ್ದು: ಇಬ್ಬರಿಗೂ ಮೈಯನ್ನಾಗಲಿ ಮುಖವನ್ನಾಗಲಿ ಆಚೆ ತಿರುಗಿಸುವಷ್ಟು ಜಾಗವಿರಲಿಲ್ಲ. ಬಂದ ಹಾಗೆಯೇ, ಮುಖವನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡು, ಹಿಂದು ಹಿಂದಕ್ಕೆ ಹೋಗಬೇಕಾಗಿತ್ತು. ಅವಳು ಮೊದಲು ಒಂದು ಹೆಜ್ಜೆ ಹಿಂದೆ ಇಟ್ಟಳು. ಬೆರಳುಗಳು ಬಿಟ್ಟುಹೋದವು. ನಾನೂ ಒಂದು ಹೆಜ್ಜೆ ಇಟ್ಟೆ. ನಮ್ಮ ಮದುವೆಯಾದಂದಿನಿಂದ ಅವಳು ತವರಿಗೆ ಹೊರಟಾಗ, ಸಂತೆಗೆ ಹೊರಟಾಗ, ಕಡೆಯ ಸಲ ಅಕ್ಕನ ಮನೆಯ ಹೊಸ್ತಿಲು ಹತ್ತಿದಾಗ ಕೂಡ, ನಾನು ಕಂಡ ಅಗಲಿಕೆಯೆಂದರೆ ಅವಳ ಬೆನ್ನು, ತುರುಬು, ಹಿಮ್ಮಡಿ. ಅಂದು ಮೊದಲ ಬಾರಿಗೆ ಅವಳು ನನ್ನನ್ನೇ ನೋಡುತ್ತ ದೂರವಾಗುತ್ತಿದ್ದಳು.

"ನಿಮ್ಮ ಹಿಂದ ಕಲ್ಲೈತ್ರಿ" ಎಂದಳು. "ಎಡಗಾಲ ಎತ್ತಿ ಇಡ್ರಿ."

ಎತ್ತಿ ಇಟ್ಟೆ. ಅವಳ ಹೆಗಲ ಆಚೆಗೆ ನೋಡಿ ನಾನು ಹೇಳಿದೆ: "ನಿನ್ನ ಹಿಂದ ಗ್ವಾಡಿ ಉಬ್ಬೈತಿ. ಬಲಕ್ಕ ಸರಿ. ಇನ್ನೂ ಬಲಕ್ಕ."

"ಮಳಿ ನೀರಿನ ಗಟಾರ, ನೋಡ್ಕೊಂಡು."

"ಸೆರಗು ಸಿಕ್ಕೈತಿ ಮೊಳಿಗೆ. ಬಿಡಿಸಿಕೋ. ಹಾಂ."

ಹೀಗೆ ಹೋದೆವು. ತನ್ನ ಹಿಂದೆ ಏನಿದೆಯೆಂದು ಇಬ್ಬರಿಗೂ ಕಾಣುತ್ತಿರಲಿಲ್ಲ. ಒಬ್ಬರ ಹಿಂದಿನದು ಇನ್ನೊಬ್ಬರಿಗೆ ಕಾಣುತ್ತಿತ್ತು. ಅವಳ ಮುಖ ಸಣ್ಣದಾಗುತ್ತ ಹೋಯಿತು. ದೂರ ಅವಳನ್ನು ತೆಳ್ಳಗೆ ಮಾಡಿತು, ಬೋಗುಣಿ ಅವಳ ಎದೆಯ ಮೇಲೆ ಒಂದು ಮಿಣುಕಾಯಿತು. ನಾವು ದನಿಯೆತ್ತಿ ಕೂಗಬೇಕಾಯಿತು. ಕಲ್ಲು. ಎಡಕ್ಕ. ತಡಿ. ಈಗ ಬಾ. ಏದುಸಿರಿನ ನಡುವೆ ಒಂದೊಂದೇ ಶಬ್ದ.

ತಿರುವಿನ ಹತ್ತಿರ ಅವಳು ನಿಂತಳು. ಅವಳ ತುಟಿ ಅಲುಗಿದ್ದು ಕಂಡಿತು, ಕೈ ಎತ್ತಿ ನನ್ನ ಹಿಂದೆ ಏನನ್ನೋ ತೋರಿಸಿದಳು. ಮಾತು ನನ್ನವರೆಗೆ ಬರಲಿಲ್ಲ. ಎಡವೋ ಬಲವೋ, ಕಲ್ಲೋ ತಗ್ಗೋ ತಿಳಿಯಲಿಲ್ಲ. ನಾನು ಕೇಳಿಸಿತೆಂಬಂತೆ ತಲೆಯಾಡಿಸಿ, ಕಾಲನ್ನು ಎತ್ತರಕ್ಕೆ ಎತ್ತಿ, ಹಿಂದಕ್ಕೆ ಇಟ್ಟೆ.